ಕೆರೆಯೂ ಟ್ಯಾಂಕೂ

ಕೆಲವು ವರ್ಷಗಳ ಹಿಂದೆ ಸೊರಬದ ಸಮೀಪದ ಒಂದು ಹಳ್ಳಿಯಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ತಂಗಿದ್ದೆ. ಅವರ ಮಗಳು ಆಗ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಮಳೆ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ ಅವಳು ಜಗಲಿಯಲ್ಲಿ ಕುಳಿತು ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ಅನುವಾದಿಸುತ್ತಿದ್ದಳು. 'ದಿ ಟ್ಯಾಂಕ್ ಈಸ್ ಫುಲ್' ಎಂಬುದು ಆ ವಾಕ್ಯಗಳಲ್ಲಿ ಒಂದು. ಅವಳು 'ಟ್ಯಾಂಕು ತುಂಬಿದೆ' ಎಂದು ಬರೆದು, ಅದನ್ನು ಗಟ್ಟಿಯಾಗಿ ಓದಿದಳು. ಒಳಗಿನಿಂದ ಅವಳ ತಾಯಿ, "ತುಂಬಿದ್ರೆ ಮೋಟಾರು ನಿಲ್ಸೇ" ಎಂದರು. ಅದೇ ಹೊತ್ತಿಗೆ ಗದ್ದೆಯಿಂದ ಕಂಬಳಿಕೊಪ್ಪೆ ಹೊದ್ದು ಬಂದ ಅಜ್ಜ ಅಂಗಳದಲ್ಲಿ ನಿಂತು, "ಕೆರೆ ತುಂಬ್ತು ಕಣೇ ಮಗಾ, ಕೋಡಿ ಬೀಳೋಕೆ ಇನ್ನೊಂದು ಗೇಣು ಅಷ್ಟೆ" ಎಂದರು. ಅವರ ಮುಖದಲ್ಲಿ ಹಬ್ಬದ ಕಳೆಯಿತ್ತು.

ಅಜ್ಜನ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರೆ ಅದೂ 'ದಿ ಟ್ಯಾಂಕ್ ಈಸ್ ಫುಲ್' ಎಂದೇ ಆಗುತ್ತದೆ. ಶಬ್ದ ಒಂದೇ, ಆದರೆ ಒಂದು ಟ್ಯಾಂಕು ತುಂಬಿದಾಗ ನಾವು ಮೋಟಾರು ನಿಲ್ಲಿಸುತ್ತೇವೆ, ಇನ್ನೊಂದು ತುಂಬಿದಾಗ ಊರೇ ಕೂಡಿ ಬಾಗಿನ ಅರ್ಪಿಸುತ್ತೇವೆ. ಒಂದು ಶಬ್ದ ಇಷ್ಟು ದೂರದ ಎರಡು ವಸ್ತುಗಳನ್ನು ಹೊತ್ತುಕೊಂಡಿರುವಾಗ, ಅದನ್ನು ಬಳಸುವ ನಾವು ಎಚ್ಚರದಿಂದಿರಬೇಕೆಂದು ಅಂದು ನನಗೆ ತೋರಿತು.

ಈ ಶಬ್ದದ ಚರಿತ್ರೆ ಸ್ವಾರಸ್ಯವಾದುದು. ಅದು ಇಂಗ್ಲೆಂಡಿನಲ್ಲಿ ಹುಟ್ಟಿ ನಮ್ಮಲ್ಲಿಗೆ ಬಂದುದೆಂದು ನಾವು ಭಾವಿಸುವುದುಂಟು. ಆದರೆ ಗುಜರಾತಿ, ಮರಾಠಿ ಭಾಷೆಗಳಲ್ಲಿ ನೀರಿನ ತೊಟ್ಟಿಗೆ ಇದನ್ನು ಹೋಲುವ ಮಾತುಗಳಿವೆ. ರಾಜಸ್ಥಾನದ ಮರುಭೂಮಿಯಲ್ಲಿ ಮಳೆಯ ನೀರನ್ನು ಕೂಡಿಡುವ ನೆಲದೊಳಗಿನ ತೊಟ್ಟಿಯನ್ನು ಇಂದಿಗೂ 'ಟಾಂಕಾ' ಎಂದು ಕರೆಯುತ್ತಾರೆ. ನಮ್ಮ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರ ಭಾಷೆಯಲ್ಲಿಯೂ ಕೊಳವೆಂಬ ಅರ್ಥದ ಇಂಥದೇ ಶಬ್ದವೊಂದಿತ್ತು. ಇವುಗಳಲ್ಲಿ ಮೂಲ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. 17ನೆಯ ಶತಮಾನದಲ್ಲಿ ಅದು ಇಂಗ್ಲಿಷರ ಬಾಯಿಗೆ ಬಂದುದರಲ್ಲಿ ಭಾರತದ ಪಾಲಿದೆ ಎಂಬುದಂತೂ ನಿಜ.

ಅಲ್ಲಿಂದ ಮುಂದೆ ಆ ಶಬ್ದ ಹಲವು ವೇಷಗಳನ್ನು ತೊಟ್ಟಿತು. ಮೋಟಾರು ಬಂಡಿಯಲ್ಲಿ ಅದು ಇಂಧನದ ತೊಟ್ಟಿಯಾಯಿತು. ಮನೆಯ ಹಿತ್ತಲಿನಲ್ಲಿ ಶೌಚಗುಂಡಿಯಾಯಿತು. ಕೋಣೆಯ ಮೂಲೆಯಲ್ಲಿ ಬಣ್ಣದ ಮೀನುಗಳ ಗಾಜಿನ ಪೆಟ್ಟಿಗೆಯಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಉಕ್ಕಿನ ಕವಚವುಳ್ಳ ಹೊಸ ಯುದ್ಧವಾಹನವೊಂದನ್ನು ಗುಟ್ಟಾಗಿ ನಿರ್ಮಿಸಿದರು. ಗುಟ್ಟು ಬಯಲಾಗದಿರಲೆಂದು, ಅದು ನೀರಿನ ತೊಟ್ಟಿ ಎಂದು ನಂಬಿಸುವ ಹೆಸರನ್ನು ಅದಕ್ಕಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ಮ್ ರಣರಂಗದಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಗುಟ್ಟು ಹೋಯಿತು, ಹೆಸರು ಉಳಿಯಿತು. ರಾಜ್ಯನೀತಿಯನ್ನು ಕುರಿತು ಚಿಂತಿಸುವ ಪಂಡಿತರ ಸಂಸ್ಥೆಗಳಿಗೆ 'ಥಿಂಕ್ ಟ್ಯಾಂಕ್' ಎಂಬ ಹೆಸರು ಬಂದಿದೆ. ಷೇರಿನ ಬೆಲೆ ಒಮ್ಮೆಗೇ ಕುಸಿದರೆ ಅದು 'ಟ್ಯಾಂಕ್' ಆಯಿತೆಂದು ಹೇಳುವ ರೂಢಿಯೂ ಇದೆ. ನೀರನ್ನು ಉಳಿಸುವ ಶಬ್ದ, ಕೊಲ್ಲುವ ಯಂತ್ರಕ್ಕೂ ಸೋಲಿಗೂ ಹೆಸರಾಗಿರುವುದು ವಿಚಿತ್ರವೇ ಸರಿ.

ಈ ಎಲ್ಲ ಅರ್ಥಗಳ ನಡುವೆ ಭಾರತದ ಇಂಗ್ಲಿಷಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಅರ್ಥವೊಂದುಂಟು, ಅದೇ ಕೆರೆ. ಇಲ್ಲಿಗೆ ಬಂದ ಇಂಗ್ಲಿಷರು ಏರಿ ಕಟ್ಟಿ ಮಳೆನೀರು ನಿಲ್ಲಿಸಿದ ವಿಶಾಲವಾದ ಕೆರೆಗಳನ್ನು ಕಂಡರು. ಅವರ ನಾಡಿನಲ್ಲಿ ಇಂತಹ ವಸ್ತುವೂ ಇರಲಿಲ್ಲ, ಅದಕ್ಕೆ ಹೆಸರೂ ಇರಲಿಲ್ಲ. ಆದುದರಿಂದ ಕೈಗೆ ಸಿಕ್ಕಿದ ಈ ಶಬ್ದವನ್ನೇ ಬಳಸಿದರು. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ ಎಂಬವರು, ಈ ನಾಡಿನಲ್ಲಿ ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆನ್ನುವಷ್ಟು ಕೆರೆಗಳಿವೆ ಎಂದು 19ನೆಯ ಶತಮಾನದಲ್ಲಿಯೇ ಬೆರಗಿನಿಂದ ಬರೆದಿದ್ದಾರೆ. ಆದುದರಿಂದ ತಪ್ಪು ಇಂಗ್ಲಿಷರದಲ್ಲ. ಅವರು ಕೆರೆಯನ್ನು ಕಣ್ಣಾರೆ ಕಂಡು ಆ ಶಬ್ದವನ್ನು ಬರೆದರು. ನಾವು ಆ ಶಬ್ದವನ್ನು ಓದಿ, ಮಾಳಿಗೆಯ ಮೇಲಿನ ತೊಟ್ಟಿಯನ್ನು ನೆನೆಯುತ್ತೇವೆ. ತಪ್ಪು ಇರುವುದು ಇಲ್ಲಿ.

ತೊಟ್ಟಿಯೆಂಬುದು ಒಂದು ಪಾತ್ರೆ. ಅದಕ್ಕೊಂದು ಮುಚ್ಚಳ, ಒಂದು ನಲ್ಲಿ. ಅಷ್ಟರಲ್ಲಿ ಅದರ ಕಥೆ ಮುಗಿಯಿತು. ಕೆರೆಯ ಕಥೆ ಹಾಗಲ್ಲ. ಸುತ್ತಣ ಗುಡ್ಡಗಳ ನೀರನ್ನು ತರುವ ಹಳ್ಳಗಳಿಂದ ಅದು ಆರಂಭವಾಗುತ್ತದೆ. ನೀರನ್ನು ತಡೆಯಲು ಏರಿ, ಅಳತೆಯಿಂದ ಬಿಡಲು ತೂಬು, ಹೆಚ್ಚಾದುದನ್ನು ಅಪಾಯವಿಲ್ಲದೆ ಹೊರಹಾಕಲು ಕೋಡಿ, ಆ ನೀರನ್ನು ಉಣ್ಣುವ ಗದ್ದೆಗಳ ಅಚ್ಚುಕಟ್ಟು, ಕನ್ನಡ ನಾಡಿನ ಅನೇಕ ಕಡೆ ನೀರು ಹಂಚಲು ನೀರುಗಂಟಿ, ಇವೆಲ್ಲವೂ ಸೇರಿ ಕೆರೆ. ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಯನ್ನು ತುಂಬುತ್ತದೆ. ಅದರ ಕೋಡಿ ಇನ್ನೂ ಕೆಳಗಿನದನ್ನು. ಮಳೆಗಾಲದಲ್ಲಿ ಧಾರಾಳವಾಗಿ ಮಳೆ ಬಿದ್ದು, ಬೇಸಗೆಯಲ್ಲಿ ಹಳ್ಳಗಳು ಬತ್ತುವ ಶಿಕಾರಿಪುರ, ಸೊರಬಗಳಂತಹ ಅರೆಮಲೆನಾಡಿನಲ್ಲಿ ಈ ಕೆರೆಗಳ ಸರಪಳಿಯೇ ಬತ್ತದ ಗದ್ದೆಗೂ ಅಡಕೆಯ ತೋಟಕ್ಕೂ ಕುಡಿಯುವ ಬಾವಿಗೂ ಆಧಾರವಾಯಿತು. ಕನ್ನಡದಲ್ಲಿ ಕಟ್ಟೆ, ಕುಂಟೆ, ಕೊಳ, ಹೊಂಡ, ಕಲ್ಯಾಣಿ ಎಂಬ ಬೇರೆ ಬೇರೆ ಮಾತುಗಳಿವೆ. ಒಂದರ ಕೆಲಸ ಇನ್ನೊಂದರದಲ್ಲ. ಇಂಗ್ಲಿಷಿಗೆ ಹೋದಾಗ ಇವೆಲ್ಲವೂ ಬಹುಮಟ್ಟಿಗೆ ಒಂದೇ 'ಟ್ಯಾಂಕ್' ಆಗಿಬಿಡುತ್ತವೆ.

ಈ ಎರಡು ತಾಲ್ಲೂಕುಗಳ ಚರಿತ್ರೆಯನ್ನೇ ನೋಡಿರಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರು ಒಂದು ಕಲ್ಲಿನ ಕಂಬವಿದೆ. ಅದರ ಮೇಲಿನ 5ನೆಯ ಶತಮಾನದ ಸಂಸ್ಕೃತ ಶಾಸನವನ್ನು ಕುಬ್ಜನೆಂಬ ಕವಿ ರಚಿಸಿದನು. ಕದಂಬ ವಂಶವನ್ನು ಸ್ಥಾಪಿಸಿದ ಮಯೂರಶರ್ಮನ ಕಥೆ ನಮಗೆ ತಿಳಿದುಬಂದುದು ಮುಖ್ಯವಾಗಿ ಈ ಶಾಸನದಿಂದ. ಆದರೆ ಅದನ್ನು ಬರೆಸಲು ನಿಮಿತ್ತವಾದುದು ಯಾವುದು? ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಮಾಡಿಸಿದ ಒಂದು ಕೆರೆ! ಒಂದು ರಾಜವಂಶದ ಚರಿತ್ರೆ ಕೆರೆಯೊಂದರ ನೆಪದಲ್ಲಿ ನಮಗೆ ಉಳಿದುಬಂದಿತು.

ಅದೇ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಪ್ರಸಿದ್ಧ ವಿದ್ಯಾಕೇಂದ್ರವೊಂದಿತ್ತು. ಅಲ್ಲಿ ವೇದ, ವ್ಯಾಕರಣ, ತರ್ಕಗಳ ಪಾಠ ನಡೆಯುತ್ತಿತ್ತೆಂದೂ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತೆಂದೂ 1162ರ ಶಾಸನವೊಂದು ವರ್ಣಿಸುತ್ತದೆ. ಆ ಮಠದ ಹೆಸರು ಕೋಡಿಯ ಮಠ. ತಾವರೆಗೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಒಂದು ದೊಡ್ಡ ವಿದ್ಯಾಪೀಠವು ಕೆರೆಯ ಕೋಡಿಯ ಹೆಸರನ್ನು ಹೊತ್ತುಕೊಳ್ಳಲು ನಾಚಲಿಲ್ಲ. ಕೆರೆ ಕಟ್ಟಿದವರಿಗೂ ದುರಸ್ತಿ ಮಾಡಿದವರಿಗೂ ಕೊಡುತ್ತಿದ್ದ ಭೂಮಿಗೆ 'ಕಟ್ಟುಕೊಡಗೆ' ಎಂಬ ಹೆಸರೇ ಶಾಸನಗಳಲ್ಲಿದೆ. ಕೆರೆಯನ್ನು ಕಟ್ಟುವುದಷ್ಟೇ ಅಲ್ಲ, ಕಾಯುವುದೂ ಧರ್ಮವೆಂದು ಆ ಕಾಲದವರು ತಿಳಿದಿದ್ದರು.

ಕೆರೆಯನ್ನು ಪಾತ್ರೆಯೆಂದು ಭಾವಿಸಿದರೆ ಆಗುವ ಹಾನಿ ಏನು? ಪಾತ್ರೆ ಹಳೆಯದಾದರೆ ಎಸೆದು ಹೊಸದನ್ನು ತರಬಹುದು. ಕೊಳವೆ ಬಾವಿ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಕೆರೆಗೂ ಇದೇ ಗತಿಯಾಯಿತು. ಹೂಳು ತುಂಬಿತು, ನೀರು ತರುವ ಹಳ್ಳ ಮುಚ್ಚಿತು, ಅಂಗಳ ಒತ್ತುವರಿಯಾಯಿತು. ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದ ಸ್ಥಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಅದರ ಮಗ್ಗುಲಲ್ಲಿ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು ಮಾತ್ರ ಉಳಿದಿದೆ. ಆ ರಸ್ತೆಯಲ್ಲಿ ನಡೆಯುವ ಎಷ್ಟು ಜನರಿಗೆ ತಾವು ಕೆರೆಯ ಏರಿಯ ನೆನಪಿನಲ್ಲಿ ನಡೆಯುತ್ತಿದ್ದೇವೆಂಬ ಅರಿವಿದ್ದೀತು?

"ಕೆರೆಗಳು ಹಾಳಾದುದು ದುರಾಸೆಯಿಂದ, ಅಲಕ್ಷ್ಯದಿಂದ, ಶಬ್ದದಿಂದಲ್ಲ" ಎಂದು ಕೆಲವರು ಹೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಶಬ್ದವೊಂದು ಏರಿಯನ್ನು ಒಡೆಯಲಾರದು. ಕೆರೆಯೆಂದೇ ಕರೆಯುತ್ತಿದ್ದ ಜನರೂ ಕೆರೆಯನ್ನು ಕೆಡಿಸಿದ್ದಾರೆ. ಆದರೆ ಹೆಸರು ಮರೆತ ವಸ್ತುವನ್ನು ಕಾಯುವುದು ಇನ್ನೂ ಕಷ್ಟ. ಕೋಡಿ ಎಂದರೇನೆಂದು ತಿಳಿಯದವನು ಕೋಡಿಯ ಜಾಗದಲ್ಲಿ ಮನೆ ಕಟ್ಟುತ್ತಾನೆ. ಹುಚ್ಚು ಮಳೆ ಬಂದ ವರ್ಷ ನೀರು ತನ್ನ ದಾರಿಯನ್ನು ಹುಡುಕಿಕೊಂಡು ಅವನ ಬಾಗಿಲಿಗೆ ಬರುತ್ತದೆ.

ಹಾಗೆಂದು ಇಂಗ್ಲಿಷನ್ನು ದೂರವಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ವಿದ್ಯಾರ್ಥಿಗಳು ಆ ಭಾಷೆಯನ್ನು ಚೆನ್ನಾಗಿಯೇ ಕಲಿಯಬೇಕು. ಒಂದು ಶಬ್ದ ಎದುರಾದಾಗ ಅದರ ಒಂದೇ ಅರ್ಥಕ್ಕೆ ತೃಪ್ತರಾಗದೆ, ಅದು ಎಲ್ಲಿ, ಯಾರ ಬಾಯಲ್ಲಿ, ಯಾವ ವಸ್ತುವಿಗೆ ಸಲ್ಲುತ್ತದೆಂದು ವಿಚಾರಿಸಬೇಕು. ನಮ್ಮಿಂದ ಎಷ್ಟೋ ಶಬ್ದಗಳನ್ನು ಪಡೆದ ಇಂಗ್ಲಿಷಿಗೆ 'ಕೆರೆ' ಎಂಬುದು ಭಾರವಾಗಲಾರದು. ನಮ್ಮ ಊರಿನ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಆ ಮಾತನ್ನೇ ಬಳಸಿ, ಅದರ ಅರ್ಥವನ್ನು ಒಮ್ಮೆ ವಿವರಿಸಿದರೆ ಸಾಕು.

ಸೊರಬ ತಾಲ್ಲೂಕಿನ ಗುಡವಿಯಲ್ಲಿ ಒಂದು ಕೆರೆಯಿದೆ. ಮಳೆಗಾಲದಲ್ಲಿ ಅದರೊಳಗಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲುಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಆ ಕೆರೆ ಇಂದು ಪಕ್ಷಿಧಾಮವೆಂದು ಹೆಸರಾಗಿದೆ. ಯಾವ ತೊಟ್ಟಿಯ ಮೇಲೂ ಹಕ್ಕಿಗಳು ಹೀಗೆ ಸಂಸಾರ ಹೂಡುವುದಿಲ್ಲ.

ಅಂದು ಸಂಜೆ ಆ ಹುಡುಗಿ ಅಜ್ಜನ ಮಾತನ್ನು ಕೇಳಿ ಸ್ವಲ್ಪ ಹೊತ್ತು ಯೋಚಿಸಿದಳು. ಅನಂತರ ತಾನು ಬರೆದ ವಾಕ್ಯವನ್ನು ಹೊಡೆದುಹಾಕದೆ, ಅದರ ಕೆಳಗೆ 'ಕೆರೆ ತುಂಬಿದೆ' ಎಂದು ಇನ್ನೊಂದು ವಾಕ್ಯ ಬರೆದಳು. ಮರುದಿನ ಅವಳ ಉಪಾಧ್ಯಾಯರು ಎರಡಕ್ಕೂ ಸರಿ ಗುರುತು ಹಾಕಿದರಂತೆ. ಎರಡೂ ಸರಿಯೇ. ಆದರೆ ಮೊದಲನೆಯದನ್ನು ಕಲಿಯುವ ಉತ್ಸಾಹದಲ್ಲಿ ಎರಡನೆಯದನ್ನು ಮರೆಯಬಾರದು. ನಿಮ್ಮ ಊರಿನ ಕೆರೆಗೆ ಹೆಸರೇನು? ಅದರ ತೂಬು ಎಲ್ಲಿದೆ, ಕೋಡಿ ಯಾವ ಕಡೆಗೆ ಬೀಳುತ್ತದೆ? ಈ ಪಾಠ ಮುಗಿದ ಮೇಲೆ ಒಮ್ಮೆ ಹೋಗಿ ನೋಡಿ ಬನ್ನಿರಿ.