ಸುಮನ್ ಕಲ್ಯಾಣಪುರ ಯಾರ ಬ್ಯಾಕಪ್ಪೂ ಅಲ್ಲ

ಕಳೆದ ತಿಂಗಳು ಪುಣೆಯ ನಮ್ಮ ಸೊಸೈಟಿಯಲ್ಲಿ ಹಳೆಯ ಹಿಂದಿ ಹಾಡುಗಳ ಸಂಜೆ ಇತ್ತು. 'ಬ್ರಹ್ಮಚಾರಿ' (1968) ಚಿತ್ರದಲ್ಲಿ ಶಮ್ಮಿ ಕಪೂರ್, ಮುಮ್ತಾಜ್ ಕುಣಿಯುವ ಆ ಯುಗಳ ಗೀತೆಗೆ ಮುಂಚೆ ನಿರೂಪಕ "ರಫಿ ಸಾಬ್ ಮತ್ತು ಲತಾಜಿ" ಎಂದ. ಹಾಡು ಮುಗಿದ ಮೇಲೆ ಹೋಗಿ, ಅದು ಲತಾ ಅಲ್ಲ, ಸುಮನ್ ಕಲ್ಯಾಣಪುರ ಎಂದೆ. "ಎರಡೂ ಒಂದೇ ಅಲ್ವಾ ಸರ್, ಅವರು ಲತಾಜಿಯ ಕಾಪಿ ತಾನೆ" ಎಂದು ನಕ್ಕುಬಿಟ್ಟ. ಪಕ್ಕದಲ್ಲಿದ್ದ ನಮ್ಮ ಕನ್ನಡದ ಗೆಳೆಯರೂ ತಲೆಯಾಡಿಸಿದರು.

ಮೂವತ್ತು ವರ್ಷಗಳಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಆದ್ದರಿಂದ ಈ ಬರಹ.

ಧ್ವನಿ ಹೋಲುತ್ತದೆ, ಒಪ್ಪಿದೆ. ಆದರೆ ಹೋಲಿಕೆ ಬೇರೆ, ನಕಲು ಬೇರೆ. ಅಣ್ಣ ತಮ್ಮಂದಿರ ಮುಖ ಹೋಲುತ್ತದೆಂದು ತಮ್ಮನನ್ನು ಯಾರೂ ನಕಲಿ ಎನ್ನುವುದಿಲ್ಲ. ಅನುಮಾನವಿದ್ದವರು 'ಚಾಂದ್' (1959) ಚಿತ್ರದಲ್ಲಿ ಲತಾ ಮತ್ತು ಸುಮನ್ ಜೊತೆಯಾಗಿ ಹಾಡಿದ ಗೀತೆಯನ್ನು ಹುಡುಕಿ ಕೇಳಿ; ಸಂಗೀತ ಹೇಮಂತ್ ಕುಮಾರ್ ಅವರದು. ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದರೆ ಸಾಕು. ಲತಾ ಸ್ವರ ನೇರವಾಗಿ, ಚೂಪಾಗಿ ಹೋಗಿ ನಿಲ್ಲುತ್ತದೆ. ಸುಮನ್ ಅದೇ ಎತ್ತರಕ್ಕೆ ಮೆಲ್ಲಗೆ ಹತ್ತಿ, ಸಾಲಿನ ಕೊನೆಯಲ್ಲಿ ಧ್ವನಿಯನ್ನು ಹಗುರ ಮಾಡಿ ಬಿಡುತ್ತಾರೆ. ನನಗೆ ಹಿಡಿಸಿದ್ದು ಆ ಹಗುರತನವೇ.

ಎರಡನೆಯ ವಾದ ಸ್ವಲ್ಪ ಜಾಣತನದ್ದು. ಅರವತ್ತರ ದಶಕದಲ್ಲಿ ರಾಯಲ್ಟಿ ವಿಷಯಕ್ಕೆ ಲತಾ, ರಫಿ ನಡುವೆ ಮನಸ್ತಾಪವಾಯಿತು. ಗಾಯಕರಿಗೂ ರಾಯಲ್ಟಿ ಬೇಕು ಎಂದರು ಲತಾ. ಸಂಭಾವನೆ ಪಡೆದ ಮೇಲೆ ಲೆಕ್ಕ ಮುಗಿಯಿತು ಎಂದರು ರಫಿ. ಕೆಲವು ವರ್ಷ ಇಬ್ಬರೂ ಒಟ್ಟಿಗೆ ಹಾಡಲಿಲ್ಲ. "ಆ ಖಾಲಿ ಜಾಗದಲ್ಲಿ ಸುಮನ್‌ಗೆ ಅದೃಷ್ಟ ಖುಲಾಯಿಸಿತು, ಅಷ್ಟೆ" ಎನ್ನುತ್ತಾರೆ.

ಅವಕಾಶ ಹಾಗೆ ಬಂದದ್ದು ನಿಜ. ಆದರೆ ಹಾಡಿದ್ದು ಅವಕಾಶವಲ್ಲ. 'ರಾಜ್‌ಕುಮಾರ್' (1964), 'ಶಗೂನ್' (1964), 'ಜಬ್ ಜಬ್ ಫೂಲ್ ಖಿಲೇ' (1965): ಈ ಚಿತ್ರಗಳಲ್ಲಿ ರಫಿ ಜೊತೆ ಅವರು ಹಾಡಿದ್ದು ಅರವತ್ತು ವರ್ಷ ಕಳೆದರೂ ರೇಡಿಯೋದಲ್ಲಿ, ಮದುವೆ ಮನೆಯಲ್ಲಿ ಕೇಳಿಸುತ್ತಿದೆ. ಜಗಳಕ್ಕೂ ಬಹಳ ಮುಂಚೆ, 1954ರ 'ಮಂಗೂ' ಚಿತ್ರದಿಂದಲೇ ಅವರು ಹಿಂದಿಯಲ್ಲಿ ಹಾಡುತ್ತಿದ್ದರು. ಇನ್ನು 'ಸಾಥಿ' (1968) ನೋಡಿ. ಆ ಚಿತ್ರದಲ್ಲಿ ಲತಾ ಹಾಡುಗಳೂ ಇವೆ. ಆದರೂ ಮುಕೇಶ್ ಜೊತೆಗಿನ ಯುಗಳ ಗೀತೆಗೆ ನೌಶಾದ್ ಕರೆದದ್ದು ಸುಮನ್ ಅವರನ್ನು. ಅಲ್ಲಿ ರಫಿಯೂ ಇಲ್ಲ, ರಾಯಲ್ಟಿಯೂ ಇಲ್ಲ. ಇದಕ್ಕೆ ಏನು ಹೇಳುತ್ತೀರಿ?

ನನ್ನ ಕೋಪಕ್ಕೆ ಇನ್ನೊಂದು ಕಾರಣವಿದೆ. ನಮ್ಮ ತಂಡದಲ್ಲಿ ಲೀಡ್ ಒಬ್ಬರು ದೀರ್ಘ ರಜೆಗೆ ಹೋದಾಗ ಅವರ ಮಾಡ್ಯೂಲನ್ನು ಕಿರಿಯ ಹುಡುಗಿಯೊಬ್ಬಳಿಗೆ ಕೊಟ್ಟಿದ್ದೆವು. ಲೀಡ್ ಮರಳಿ ಬರಲಿಲ್ಲ. ಮೂರು ವರ್ಷದಿಂದ ರಾತ್ರಿ ಎರಡು ಗಂಟೆಗೆ ಫೋನ್ ಬಂದರೂ ಎದ್ದು ಸರಿ ಮಾಡುವವಳು ಅವಳೇ. ಆ ಸಂಜೆ ಮನೆಗೆ ಬಂದು ಶೀಟ್ ತೆರೆದು ನೋಡಿದರೆ, ಅವಳ ಹೆಸರಿನ ಮುಂದೆ ಇನ್ನೂ 'ಬ್ಯಾಕಪ್' ಎಂದೇ ಇದೆ. ಆ ಶೀಟ್ ತಯಾರಿಸಿದವನು ನಾನೇ. ನಿರೂಪಕನನ್ನು ಬೈದ ಬಾಯಿ ಮುಚ್ಚಿಕೊಂಡಿತು.

ಸುಮನ್ ಪರ ಮಾತಾಡುವವರ ಮೇಲೂ ನನಗೆ ತಕರಾರಿದೆ. "ಪಾಪ, ಅವರನ್ನು ಮೇಲೆ ಬರಲು ಬಿಡಲಿಲ್ಲ" ಎಂಬ ಕಣ್ಣೀರ ಕಥೆಯಲ್ಲೂ ನಾಯಕಿ ಲತಾ ಅವರೇ. ಸುಮನ್ ಅಲ್ಲೂ ಪೋಷಕ ಪಾತ್ರ. ಮಹಾರಾಷ್ಟ್ರ ಸರ್ಕಾರ ಅವರಿಗೆ ಕೊಟ್ಟ ಪ್ರಶಸ್ತಿಯ ಹೆಸರು ಕೂಡ ಲತಾ ಮಂಗೇಶ್ಕರ್ ಪ್ರಶಸ್ತಿ! ಗೌರವ ದೊಡ್ಡದೇ, ಇಲ್ಲವೆನ್ನುವುದಿಲ್ಲ. ಆದರೆ ನಾವು ಅವರ ಹಾಡಿನ ಬಗ್ಗೆ ಯಾವಾಗ ಮಾತಾಡುವುದು?

ಕೊನೆಗೆ ನಾವು ಕನ್ನಡಿಗರು. 2023ರಲ್ಲಿ ಪದ್ಮಭೂಷಣ ಘೋಷಣೆಯಾದಾಗ ನನ್ನ ಕುಂದಾಪುರದ ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ "ನಮ್ಮೂರಿನ ಮಗಳು" ಎಂಬ ಸಂಭ್ರಮ. ನಿಜ, ತವರಿನ ಹೆಸರು ಹೆಮ್ಮಾಡಿ, ಮದುವೆಯ ನಂತರದ್ದು ಕಲ್ಯಾಣಪುರ. ಉಡುಪಿಯಿಂದ ಬೈಂದೂರಿನ ಕಡೆ ಹೊರಟರೆ ಎರಡೂ ಊರು ಸಿಗುತ್ತವೆ. ಢಾಕಾದಲ್ಲಿ ಹುಟ್ಟಿ, ಮುಂಬೈಯಲ್ಲಿ ಬೆಳೆದು, ಹಿಂದಿ, ಮರಾಠಿಯ ಜೊತೆ ಕನ್ನಡದಲ್ಲೂ ಹಾಡಿದವರು. ಊರು ಬಿಟ್ಟು ದುಡಿಯುವ ನಮ್ಮಂಥವರಿಗೆ ಅವರು ಹತ್ತಿರದವರೇ ಆಗಬೇಕಿತ್ತು. ಆದರೆ ಅಂದು ಅಭಿನಂದನೆ ಫಾರ್ವರ್ಡ್ ಮಾಡಿದವರಲ್ಲಿ ಎಷ್ಟು ಜನ ಅವರ ಐದು ಹಾಡು ಗುರುತಿಸಬಲ್ಲರು? ಪ್ರಶಸ್ತಿ ಬಂದ ದಿನ ಊರಿನ ಲೆಕ್ಕ, ಉಳಿದ ದಿನ ಲತಾ ಲೆಕ್ಕ. ಇದೆಂಥ ಅಭಿಮಾನ?

ನಾನು ಲತಾ ವಿರೋಧಿಯಲ್ಲ. ನನ್ನ ಫೋನಿನಲ್ಲಿ ಅವರ ಹಾಡುಗಳೇ ಹೆಚ್ಚಿವೆ. ಕೇಳುತ್ತಿರುವುದು ಇಷ್ಟೇ: ಮುಂದಿನ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಈ ಹಾಡುಗಳಲ್ಲಿ ಯಾವುದಾದರೂ ಬಂದರೆ, ಹಾಡಿದವರ ಹೆಸರನ್ನು ಮೈಕಿನಲ್ಲಿ ಸರಿಯಾಗಿ ಹೇಳಿ. ತಪ್ಪು ಹೇಳಿದರೆ ಎದ್ದು ನಿಂತು ತಿದ್ದಿ.

ಸೋಮವಾರ ಬೆಳಿಗ್ಗೆ ನಾನು ಆ ಶೀಟ್ ತಿದ್ದಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮೂರು ವರ್ಷ ಯಾಕೆ ಬೇಕಾಯಿತು ಎಂಬುದಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.