ಗಿಡಕ್ಕೆ ಆಸ್ಪಿರಿನ್ ಹಾಕಿದರೆ ರೋಗ ಬರುವುದಿಲ್ಲವೇ? ಸಸ್ಯಗಳ ರಕ್ಷಣಾ ಪ್ರೋಟೀನುಗಳ ನಿಜ ಸಂಗತಿ

“ನೀರಿಗೆ ಒಂದು ಆಸ್ಪಿರಿನ್ ಮಾತ್ರೆ ಕರಗಿಸಿ ಗಿಡಕ್ಕೆ ಸಿಂಪಡಿಸಿ, ಯಾವ ಶಿಲೀಂಧ್ರ ರೋಗವೂ ಹತ್ತಿರ ಸುಳಿಯುವುದಿಲ್ಲ.” ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ, ಆದರೆ ನಂಬಿ ಕೂರುವಷ್ಟು ನಿಜವೂ ಅಲ್ಲ. ಏಕೆಂದು ತಿಳಿಯಲು ಗಿಡಗಳು ತಮ್ಮನ್ನು ತಾವು ಹೇಗೆ ಕಾಪಾಡಿಕೊಳ್ಳುತ್ತವೆ ಎಂಬುದನ್ನು ಮೊದಲು ನೋಡೋಣ.

ಶತ್ರುವಿನ ಗುರುತು ಹೇಗೆ ಸಿಗುತ್ತದೆ?

ಗಿಡಕ್ಕೆ ರಕ್ತವಿಲ್ಲ, ಬಿಳಿ ರಕ್ತಕಣಗಳಿಲ್ಲ, ನಮ್ಮಂತೆ ಪ್ರತಿಕಾಯಗಳೂ ಇಲ್ಲ. ಅದರ ಪ್ರತಿ ಜೀವಕೋಶವೂ ತನ್ನ ಕಾವಲನ್ನು ತಾನೇ ಕಾಯಬೇಕು. ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ವಸ್ತುವಿರುತ್ತದೆ. ಸಿಗಡಿಯ ಚಿಪ್ಪು, ಜಿರಳೆಯ ಹೊರಕವಚದಲ್ಲಿರುವುದೂ ಇದೇ. ಗಿಡದ ಕೋಶಭಿತ್ತಿಯಲ್ಲಿ ಕೈಟಿನ್ ಇಲ್ಲ. ಹಾಗಾಗಿ ಕೈಟಿನ್ ಚೂರು ಕಂಡಿತೆಂದರೆ ಹೊರಗಿನವರು ಬಂದಿದ್ದಾರೆ ಎಂದೇ ಅರ್ಥ. ಈ ಚೂರನ್ನು ಹಿಡಿದು ಎಚ್ಚರಿಕೆ ಕೊಡುವ ಪ್ರೋಟೀನನ್ನು ವಿಜ್ಞಾನಿಗಳು 2006ರಲ್ಲಿ ಭತ್ತದ ಜೀವಕೋಶದ ಹೊರಪೊರೆಯಲ್ಲಿ ಗುರುತಿಸಿದರು.

ಗಿಡದ ಬಳಿ ಇರುವ ಆಯುಧಗಳು

ಎಚ್ಚರಿಕೆ ಸಿಕ್ಕ ಕೂಡಲೇ ಗಿಡ ಹಲವು ಬಗೆಯ ಪ್ರೋಟೀನುಗಳನ್ನು ತಯಾರಿಸುತ್ತದೆ.

• ಕೈಟಿನೇಸ್: ಶಿಲೀಂಧ್ರದ ಗೋಡೆಯ ಕೈಟಿನ್ ಅನ್ನು ಕತ್ತರಿಸುತ್ತದೆ.
• ಗ್ಲೂಕನೇಸ್: ಅದೇ ಗೋಡೆಯ ಮತ್ತೊಂದು ಭಾಗವಾದ ಗ್ಲೂಕನ್ ಅನ್ನು ಒಡೆಯುತ್ತದೆ. ಇವೆರಡೂ ಸೇರಿ ಕೆಲಸ ಮಾಡಿದಾಗ ಪರಿಣಾಮ ಹೆಚ್ಚು. ಉದುರಿದ ಚೂರುಗಳಿಂದ ಅಕ್ಕಪಕ್ಕದ ಕೋಶಗಳಿಗೂ ಸುದ್ದಿ ಮುಟ್ಟುತ್ತದೆ.
• ಡಿಫೆನ್ಸಿನ್: ಸುಮಾರು 50 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ಕೆಡಿಸುತ್ತದೆ. ಮೂಲಂಗಿ ಬೀಜ ಮೊಳೆಯುವಾಗ ಇದನ್ನು ಸುತ್ತಲಿನ ಮಣ್ಣಿಗೆ ಬಿಟ್ಟು ಎಳೆಯ ಮೊಳಕೆಯನ್ನು ಕಾಯುತ್ತದೆ.

ಕೆಲವೊಮ್ಮೆ ಗಿಡ ಇನ್ನೂ ಕಠಿಣ ದಾರಿ ಹಿಡಿಯುತ್ತದೆ. ಸೋಂಕು ತಗುಲಿದ ಜಾಗದ ಕೋಶಗಳನ್ನು ತಾನೇ ಸಾಯಿಸಿ, ಶಿಲೀಂಧ್ರಕ್ಕೆ ಆಹಾರ ಸಿಗದಂತೆ ಮಾಡುತ್ತದೆ. ಎಲೆಯ ಮೇಲೆ ಕಾಣುವ ಚಿಕ್ಕ ಕಂದು ಚುಕ್ಕೆ ಎಲ್ಲ ಸಲವೂ ಸೋಲಿನ ಗುರುತಲ್ಲ. ಕೆಲವು ಸಲ ಅದು ಗೆಲುವಿನ ಗುರುತು.

ಆಸ್ಪಿರಿನ್ ಇಲ್ಲಿಗೆ ಹೇಗೆ ಬಂತು?

1970ರಲ್ಲಿ ವೈರಸ್ ತಗುಲಿದ ತಂಬಾಕಿನ ಎಲೆಗಳಲ್ಲಿ ಈ ಗುಂಪಿನ ಪ್ರೋಟೀನುಗಳು ಮೊದಲು ಪತ್ತೆಯಾದವು. 1979ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ವೈಟ್, ತಂಬಾಕಿನ ಎಲೆಗೆ ಆಸ್ಪಿರಿನ್ ಚುಚ್ಚಿದಾಗ ವೈರಸ್ಸಿನ ಕಾಟ ಕಡಿಮೆಯಾಗುವುದನ್ನು ತೋರಿಸಿದರು. ಕಾರಣವಿಷ್ಟೇ: ಗಿಡಗಳು ತಮ್ಮೊಳಗೆ ಅಪಾಯದ ಸುದ್ದಿ ಸಾರಲು ಬಳಸುವುದು ಸ್ಯಾಲಿಸಿಲಿಕ್ ಆಮ್ಲವನ್ನು. ಆಸ್ಪಿರಿನ್ ಅದರ ಹತ್ತಿರದ ಸಂಬಂಧಿ.

ಹಾಗಿದ್ದರೆ ಸಂದೇಶ ಎಡವುವುದು ಎಲ್ಲಿ? ಒಂದು, ಆಸ್ಪಿರಿನ್ ಶಿಲೀಂಧ್ರನಾಶಕವಲ್ಲ, ಎಚ್ಚರಿಕೆಯ ಗಂಟೆ ಮಾತ್ರ. ರೋಗ ಬೇರೂರಿದ ಮೇಲೆ ಗಂಟೆ ಬಾರಿಸಿ ಫಲವಿಲ್ಲ. ಎರಡು, ಪ್ರಮಾಣ ಹೆಚ್ಚಾದರೆ ಎಲೆ ಸುಡುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಮೂರು, ಸತ್ತ ಕೋಶಗಳನ್ನೇ ತಿಂದು ಬದುಕುವ ಶಿಲೀಂಧ್ರಗಳೂ ಇವೆ. ಅವುಗಳ ವಿರುದ್ಧ ಗಿಡ ಬಳಸುವ ದಾರಿಯೇ ಬೇರೆ. ಸ್ಯಾಲಿಸಿಲಿಕ್ ಆಮ್ಲ ಹೆಚ್ಚಾದರೆ ಆ ದಾರಿ ಮಂಕಾಗಬಹುದು.

ಅಡಿಕೆ ಮತ್ತು ರಾಗಿ ಕಲಿಸುವ ಪಾಠ

ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರನ್ನು ಕಾಡುವ ಕೊಳೆರೋಗ ತರುವುದು ಫೈಟಾಫ್ತೊರಾ. ಇದು ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ಇದರ ಗೋಡೆಯಲ್ಲಿರುವುದು ಮುಖ್ಯವಾಗಿ ಗ್ಲೂಕನ್ ಮತ್ತು ಸೆಲ್ಯುಲೋಸ್. ಹಾಗಾಗಿ ಕೈಟಿನೇಸ್‌ಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಸೋಯಾಬೀನ್ ಮೇಲೆ ಬೀಳುವ ಇದರ ಸಂಬಂಧಿಯಂತೂ ಗಿಡದ ಗ್ಲೂಕನೇಸನ್ನು ತಡೆಯುವ ಪ್ರೋಟೀನನ್ನೇ ತಯಾರಿಸುತ್ತದೆ! ಅದಕ್ಕೇ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಶೇ. 1ರ ಬೋರ್ಡೋ ದ್ರಾವಣ (100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ) ಹೊಡೆಯುವುದು. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದನ್ನು ಅಡಿಕೆ ತೋಟಗಳಿಗೆ ತಂದರು. ಇದನ್ನು ಬಿಟ್ಟು ಮಾತ್ರೆಯನ್ನು ನಂಬಿದರೆ ಹೋಗುವುದು ಒಂದು ವರ್ಷದ ಫಸಲು.

ರಾಗಿಯ ಬೆಂಕಿ ರೋಗದ ಕಥೆ ಬೇರೆ. ಅಲ್ಲಿ ಗಿಡದ ಸ್ವಂತ ರಕ್ಷಣೆಯನ್ನೇ ಬೀಜದಲ್ಲಿ ಪಡೆಯಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಪಿಯು-28 ಈ ರೋಗವನ್ನು ತಡೆದುಕೊಳ್ಳುವ ತಳಿ ಎಂದೇ ಹೆಸರಾಗಿದೆ. ಆದರೆ ಶಿಲೀಂಧ್ರಗಳೂ ಬದಲಾಗುತ್ತಿರುತ್ತವೆ. ಇವತ್ತಿನ ನಿರೋಧಕ ತಳಿ ನಾಳೆಯೂ ಹಾಗೆಯೇ ಇರುತ್ತದೆ ಎನ್ನಲಾಗದು. ಹೊಸ ತಳಿಗಳ ಸಂಶೋಧನೆ ನಿಲ್ಲದಿರುವುದು ಅದಕ್ಕೇ.

ಈ ಪ್ರೋಟೀನುಗಳು ನಮಗೆ ಹಾನಿಯೇ?

ಹೆಚ್ಚಿನವರಿಗೆ ಇಲ್ಲ. ದಿನವೂ ಹಣ್ಣು, ತರಕಾರಿ, ಕಾಳುಗಳ ಜೊತೆ ಇವನ್ನು ತಿನ್ನುತ್ತಲೇ ಇದ್ದೇವೆ. ಆದರೆ ರಬ್ಬರ್ ಕೈಗವಸಿನ ಅಲರ್ಜಿ ಇರುವ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು ತಿಂದಾಗಲೂ ತುರಿಕೆ, ಊತ ಬರಬಹುದು. ಆ ಹಣ್ಣುಗಳಲ್ಲಿರುವ ಕೈಟಿನೇಸ್ ರಬ್ಬರ್ ಹಾಲಿನ ಒಂದು ಪ್ರೋಟೀನನ್ನು ಹೋಲುವುದೇ ಕಾರಣ. ಅಂಥವರು ವೈದ್ಯರಿಗೆ ತೋರಿಸಿಕೊಳ್ಳುವುದು ಒಳ್ಳೆಯದು.

ಒಟ್ಟಿನಲ್ಲಿ ಹೇಳುವುದಾದರೆ

ಪ್ರಯೋಗಾಲಯದಲ್ಲಿ ತಂಬಾಕಿನ ಎಲೆಯ ಮೇಲೆ ಕಂಡದ್ದು ಪ್ರತಿ ಗಿಡಕ್ಕೂ, ಪ್ರತಿ ರೋಗಕ್ಕೂ ಮದ್ದಾಗುವುದಿಲ್ಲ. ಗಿಡಕ್ಕೆ ರೋಗ ಕಂಡರೆ ಅದು ಯಾವುದೆಂದು ಮೊದಲು ತಿಳಿಯಿರಿ. ರೋಗ ತಗುಲಿದ ಎಲೆಯನ್ನು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಿ. ಆಸ್ಪಿರಿನ್ ಸಂದೇಶ ಮತ್ತೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಕಳಿಸಿದವರಿಗೆ ಈ ವಿಷಯ ತಿಳಿಸಿ.