ಏನೂ ಆಗಿಲ್ಲ ಬಿಡು ತಾತ

ಹೋದ ತಿಂಗಳು ನಮ್ಮ ಪಕ್ಕದೂರಿನ ಜಾತ್ರೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಇಂಥ ಪಂದ್ಯವೆಂದರೆ ಕೇಳಬೇಕೆ? ಊರಿಗೆ ಊರೇ ಅಂಕಣದ ಸುತ್ತ ನಿಂತಿತ್ತು. ಒಂಬತ್ತನೇ ತರಗತಿಯ ನನ್ನ ಮೊಮ್ಮಗ ಒಂದು ತಂಡದಲ್ಲಿ ಮೂಲೆ ಕಾಯುವ ಆಟಗಾರ. ಮಕ್ಕಳ ಮಾತಿನಲ್ಲಿ ಹೇಳುವುದಾದರೆ ‘ಕಾರ್ನರ್’.

ರೈಡರ್ ಒಳಗೆ ಬಂದ. ನಮ್ಮ ಹುಡುಗ ಅವನ ಕಣಕಾಲಿಗೆ ಹಾರಿದ. ಅದೇ ಹೊತ್ತಿಗೆ ರೈಡರ್‌ನ ಮಂಡಿ ಬಂದು ಇವನ ಕಪಾಲಕ್ಕೆ ಬಡಿಯಿತು. ಹಿಡಿದ ಕಾಲನ್ನು ಇವನು ಬಿಡಲಿಲ್ಲ, ಪಾಯಿಂಟ್ ಬಂತು, ಶಿಳ್ಳೆಯೋ ಶಿಳ್ಳೆ. ಎದ್ದವನು ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ಮಣ್ಣು ಕೊಡವಿಕೊಂಡು ತನ್ನ ಜಾಗ ಬಿಟ್ಟು ಎದುರು ಮೂಲೆಗೆ ಹೋಗಿ ನಿಂತುಕೊಂಡ.

ನಾನು ಎದ್ದು ಗೆರೆಯ ಹತ್ತಿರ ಹೋದೆ.

“ಏನೂ ಆಗಿಲ್ಲ ಬಿಡು ತಾತ” ಅಂದ.

“ಸರಿ, ಈಗ ಯಾವ ಊರಿನವರ ಮೇಲೆ ಆಡ್ತಾ ಇದೀರಪ್ಪ?”

ಅವನು ಹೇಳಿದ್ದು ಸಂಜೆ ಸೋಲಿಸಿದ್ದ ತಂಡದ ಹೆಸರನ್ನು! ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಅವನ ಕ್ಯಾಪ್ಟನ್ ಮುಖ ಊದಿಸಿಕೊಂಡ. “ಮುದುಕಪ್ಪನಿಗೆ ಭಯ” ಎಂದು ಯಾರೋ ನಕ್ಕರು. ಮೊಮ್ಮಗ ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಈಗ ರಾಜಿಯಾಗಿದ್ದೇವೆ. ಇದನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ನನಗೆ ಭಯವಿದ್ದದ್ದು ನಿಜ. ಅದಕ್ಕೆ ಕಾರಣವೂ ಇದೆ.

ಹೈಸ್ಕೂಲಿನಲ್ಲಿ ನಾನು ಪಿಟಿ ಮೇಷ್ಟ್ರಾಗಿದ್ದ ಕಾಲ. ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಮ್ಮ ತಂಡದಲ್ಲಿ ನೇಕಾರರ ಮನೆಯ ಹುಡುಗನೊಬ್ಬನಿದ್ದ. ಅವನೂ ಕಾರ್ನರ್. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಅವನ ತಲೆಗೂ ಹೀಗೇ ಮಂಡಿ ತಗುಲಿತು. ನಾನು ಓಡಿಹೋಗಿ ಮುಖಕ್ಕೆ ನೀರು ಎರಚಿ, “ಏನೋ, ಆಡ್ತೀಯೇನೋ?” ಎಂದು ಕೇಳಿದೆ. “ಆಡ್ತೀನಿ ಸಾರ್” ಅಂದ. ಬೆನ್ನು ತಟ್ಟಿ ಒಳಗೆ ಕಳಿಸಿದೆ. ಕೊನೆಯ ತನಕ ಆಡಿದ.

ಮಾರನೆಯ ವಾರದಿಂದ ಅವನು ಬೇರೆಯೇ ಹುಡುಗ. ಪಾಠದ ನಡುವೆ ತಲೆ ಹಿಡಿದುಕೊಂಡು ಕೂರುತ್ತಿದ್ದ. ಬೋರ್ಡಿನ ಮೇಲಿನ ಒಂದು ಸಾಲನ್ನು ಪುಸ್ತಕಕ್ಕೆ ಇಳಿಸುವುದರೊಳಗೆ ಅದನ್ನೇ ಮರೆಯುತ್ತಿದ್ದ. ಹದಿಮೂರರ ಮಗ್ಗಿ ನೀರು ಕುಡಿದಂತೆ ಹೇಳುತ್ತಿದ್ದವನು ಏಳರ ಮಗ್ಗಿಗೇ ತಡವರಿಸಿದ. ಮನೆಯಲ್ಲಿ ವಿದ್ಯುತ್ ಮಗ್ಗಗಳ ಸದ್ದು. ಹುಟ್ಟಿದಾಗಿನಿಂದ ಅದರಲ್ಲೇ ಮಲಗಿ ಎದ್ದವನಿಗೆ ಆ ಸದ್ದು ತಡೆಯಲಾಗದಂತಾಯಿತು. ಎಳೆ ಕಟ್ಟಲು ಕೂರಿಸಿದರೆ ತಪ್ಪು ಎಳೆಗೆ ಗಂಟು ಹಾಕುತ್ತಿದ್ದ.

“ಕೆಲಸ ಕದಿಯಕ್ಕೆ ನಾಟಕ ಆಡ್ತಾನೆ ಮೇಷ್ಟ್ರೇ” ಎಂದು ಅವನ ತಂದೆ ದೂರಿಕೊಂಡರು. ನಾನೂ ಹೌದೆಂದೆ. ಗಣಿತದ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಅರ್ಧವಾರ್ಷಿಕದಲ್ಲಿ ನಾಲ್ಕು ವಿಷಯಗಳಲ್ಲಿ ಫೇಲಾದ. ತಲೆಗೆ ಬಿದ್ದ ಪೆಟ್ಟಿಗೂ ಈ ಅಂಕಪಟ್ಟಿಗೂ ಸಂಬಂಧವಿರಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಎಷ್ಟೋ ವರ್ಷದ ಮೇಲೆ, ದೈಹಿಕ ಶಿಕ್ಷಕರ ತರಬೇತಿಯೊಂದರಲ್ಲಿ ವೈದ್ಯರೊಬ್ಬರು ಕನ್ಕಷನ್ ಬಗ್ಗೆ ಹೇಳಿದರು. ಕೇಳುತ್ತಾ ಕೇಳುತ್ತಾ ನನ್ನ ಕಣ್ಣ ಮುಂದೆ ಬಂದು ನಿಂತವನು ಆ ಹುಡುಗ.

ಮಕ್ಕಳೇ, ಕನ್ಕಷನ್ ಎಂದರೆ ಮಿದುಳು ಅಲುಗಿದ ಪೆಟ್ಟು. ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದೀರಿ ಅಂದುಕೊಳ್ಳಿ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಏನಾಗುತ್ತದೆ? ಹೊರಗೆ ನಿಂತು ನೋಡುವವರಿಗೆ ಬಸ್ಸು ನೆಟ್ಟಗೇ ಇದೆ, ಗಾಜೂ ಒಡೆದಿಲ್ಲ. ಒಳಗಿನವರು ಮಾತ್ರ ಮುಂದಿನವರ ಮೇಲೆ ಬಿದ್ದಿರುತ್ತಾರೆ. ನಮ್ಮ ಮಿದುಳು ಸುಮಾರು 1.4 ಕೆ.ಜಿ. ತೂಗುವ, ಬಹಳ ಮೆತ್ತನೆಯ ಅಂಗ. ತಲೆಬುರುಡೆಯೊಳಗೆ ತೆಳುವಾದ ದ್ರವದಲ್ಲಿ ತೇಲಿಕೊಂಡಿದೆ. ತಲೆಗೆ ಜೋರು ಪೆಟ್ಟು ಬಿದ್ದಾಗ ಅದು ಒಳಗೇ ಅಲುಗಿ ಹಿಗ್ಗಿ ಕುಗ್ಗುತ್ತದೆ. ಅದರ ನರಕೋಶಗಳ ಕೆಲಸ ಕೆಲವು ದಿನ, ಕೆಲವು ವಾರ ಏರುಪೇರಾಗುತ್ತದೆ. ರಕ್ತ ಬಂದಿರಬೇಕೆಂದಿಲ್ಲ, ಬುಗುಟು ಎದ್ದಿರಬೇಕೆಂದಿಲ್ಲ. ಹೆಚ್ಚಿನ ಸಲ ಪ್ರಜ್ಞೆಯೂ ತಪ್ಪುವುದಿಲ್ಲ. ಸ್ಕ್ಯಾನ್ ಮಾಡಿಸುವುದು ರಕ್ತಸ್ರಾವವೋ ಮೂಳೆ ಬಿರುಕೋ ಇದೆಯೇ ಎಂದು ನೋಡಲು. ಕನ್ಕಷನ್ ಸಾಮಾನ್ಯವಾಗಿ ಅದರಲ್ಲಿ ಕಾಣುವುದೇ ಇಲ್ಲ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗಿನ ಅಲುಗಾಟವನ್ನು ಪೂರ್ತಿ ನಿಲ್ಲಿಸಲಾರದು.

ಆಡುವುದಕ್ಕೆ ಬೇಕಾದದ್ದೂ ಓದುವುದಕ್ಕೆ ಬೇಕಾದದ್ದೂ ಒಂದೇ ಮಿದುಳು. ಪೆಟ್ಟು ತಿಂದ ಕಾರ್ನರ್ ರೈಡರ್‌ನ ಕಾಲು ನೋಡಿ ಹಾರುವುದರಲ್ಲಿ ಅರೆಗಳಿಗೆ ತಡಮಾಡುತ್ತಾನೆ, ಅದರಿಂದ ಇನ್ನೊಂದು ಪೆಟ್ಟು ತಿನ್ನುತ್ತಾನೆ. ಅದೇ ಹುಡುಗ ತರಗತಿಯಲ್ಲಿ ಲೆಕ್ಕದ ಮೊದಲ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನೆಯ ಸಾಲಿಗೆ ಹೋಗಲಾರ. ನಮ್ಮ ಕಣ್ಣಿಗೆ ಅದು ಸೋಮಾರಿತನ.

ಅಮೆರಿಕದವರು ಆಡುವ ಫುಟ್‌ಬಾಲಿನಲ್ಲಿ ‘ಲೈನ್‌ಮನ್’ ಎಂಬ ಆಟಗಾರರಿದ್ದಾರೆ. ಎರಡು ಸಾಲಾಗಿ ಎದುರುಬದುರು ಕುಕ್ಕರಿಸಿ, ಚೆಂಡು ಕದಲಿದ ಕೂಡಲೇ ಟಗರುಗಳಂತೆ ಒಬ್ಬರ ಮೇಲೊಬ್ಬರು ನುಗ್ಗುವುದೇ ಅವರ ಕೆಲಸ. ಒಂದೊಂದು ಪೆಟ್ಟೂ ಸಣ್ಣದೇ. ಆದರೆ ಆಟದುದ್ದಕ್ಕೂ, ವರ್ಷವಿಡೀ ಬೀಳುತ್ತಲೇ ಇರುತ್ತವೆ. ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಲೈನ್‌ಮನ್ 1974ರಿಂದ 1990ರವರೆಗೆ ಹೀಗೆ ಆಡಿದ. ಆಟ ಬಿಟ್ಟ ಮೇಲೆ ಮರೆವು, ಗೊಂದಲಗಳಲ್ಲಿ ನರಳಿ 2002ರಲ್ಲಿ ತೀರಿಕೊಂಡ. ಆಗ ಅವನಿಗೆ ಬರೀ 50 ವರ್ಷ. ನೈಜೀರಿಯಾದಲ್ಲಿ ಹುಟ್ಟಿದ ಡಾ. ಬೆನೆಟ್ ಒಮಾಲು ಅವನ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮತ್ತೆ ಮತ್ತೆ ಬಿದ್ದ ಪೆಟ್ಟುಗಳ ಗುರುತು ಸಿಕ್ಕಿತು. ಪರ್ಡ್ಯೂ ವಿಶ್ವವಿದ್ಯಾಲಯದವರು ಹೈಸ್ಕೂಲ್ ಆಟಗಾರರನ್ನು ಪರೀಕ್ಷಿಸಿದರು. ಕನ್ಕಷನ್ ಆಗಿದೆಯೆಂದು ಯಾರೂ ಹೇಳದಿದ್ದ ಕೆಲವು ಹುಡುಗರಲ್ಲೂ ನೆನಪಿನ ಪರೀಕ್ಷೆ ಕುಗ್ಗಿದ್ದು ಕಂಡುಬಂತು.

ಹೆದರಬೇಡಿ ಮಕ್ಕಳೇ, ಒಂದು ಪೆಟ್ಟಿಗೆ ಯಾರೂ ವೆಬ್‌ಸ್ಟರ್ ಆಗುವುದಿಲ್ಲ. ಸರಿಯಾಗಿ ನೋಡಿಕೊಂಡರೆ ಹೆಚ್ಚಿನ ಮಕ್ಕಳು ಸುಮಾರು ಒಂದು ತಿಂಗಳೊಳಗೆ ಮೊದಲಿನಂತಾಗುತ್ತಾರೆ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬೀಳಬಾರದು, ಅಷ್ಟೆ.

ಮೂರನೆಯ ದಿನ ಮೊಮ್ಮಗ ಬಾಯಿಬಿಟ್ಟದ್ದು ವಾದ ಮಾಡುವುದಕ್ಕೆ. “ಕುಂಬ್ಳೆ ಮುರಿದ ದವಡೆಗೆ ಬಟ್ಟೆ ಕಟ್ಕೊಂಡು ಬೌಲಿಂಗ್ ಮಾಡಿದ್ರು ಅಂತ ಕ್ಲಾಸಿಗೆಲ್ಲ ಹೇಳ್ತಿದ್ದೋನು ನೀನೇ ಅಲ್ವಾ ತಾತ?”

ನಿಜ. ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಹಾಗೆ ಆಡಿದ್ದರು. ಬ್ಯಾಟ್ ಮಾಡುವಾಗ ಚೆಂಡು ಬಡಿದು ದವಡೆ ಮುರಿದಿತ್ತು. ಆದರೂ ತಲೆ ಸುತ್ತ ಬ್ಯಾಂಡೇಜ್ ಕಟ್ಟಿಕೊಂಡು ಬಂದು 14 ಓವರ್ ಎಸೆದು ಬ್ರಯಾನ್ ಲಾರಾ ವಿಕೆಟ್ ತೆಗೆದರು. ಆ ಧೈರ್ಯಕ್ಕೆ ಇಂದಿಗೂ ಕೈ ಮುಗಿಯುತ್ತೇನೆ. “ಆದರೆ ದವಡೆ ಮೂಳೆ ಕಣಪ್ಪ” ಎಂದೆ ಮೊಮ್ಮಗನಿಗೆ. “ಮೂಳೆ ಮುರಿದರೆ ಮುರಿದಿದೆ ಅಂತ ಮಿದುಳು ಹೇಳುತ್ತೆ. ಮಿದುಳಿಗೇ ಪೆಟ್ಟು ಬಿದ್ದರೆ ಹೇಳೋರು ಯಾರು? ‘ಏನೂ ಆಗಿಲ್ಲ’ ಅಂತ ಹೇಳ್ತಾ ಇರೋದೇ ಪೆಟ್ಟು ತಿಂದ ಮಿದುಳು!”

ದೊಡ್ಡ ಆಟಗಾರರಿಗೂ ಇದು ತಿಳಿಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಕತ್ತಿಗೆ ಬಡಿಯಿತು. ತಪಾಸಣೆ ಆಯಿತು, ಮತ್ತೆ ಬಂದು ಆಡಿದರು, 92ಕ್ಕೆ ಔಟಾದರು. ತಲೆನೋವು ಶುರುವಾದದ್ದು ಮಾರನೆಯ ದಿನ. ಅವರ ಬದಲಿಗೆ ಮಾರ್ನಸ್ ಲಬುಶೇನ್ ಇಳಿದರು. ಅದೇ ತಿಂಗಳು ಬಂದಿದ್ದ ಹೊಸ ನಿಯಮದ ಪ್ರಕಾರ ಟೆಸ್ಟ್‌ನಲ್ಲಿ ಇಳಿದ ಮೊದಲ ಬದಲಿ ಆಟಗಾರ ಅವರೇ. ಮುಂದಿನ ಟೆಸ್ಟ್‌ನಲ್ಲೂ ಸ್ಮಿತ್ ಆಡಲಿಲ್ಲ. ಅವರನ್ನು ಹೇಡಿ ಎಂದವರು ಯಾರು?

ಹಾಗಾದರೆ ಏನು ಮಾಡಬೇಕು? ತಲೆಗೆ ಪೆಟ್ಟು ಬಿದ್ದು ಅನುಮಾನ ಬಂತೋ, ಆ ದಿನ ಆಟ ಮುಗಿಯಿತು. “ಆಡ್ತೀಯಾ?” ಎಂದು ಹುಡುಗನನ್ನು ಕೇಳಬೇಡಿ. ಯಾವ ಊರಿನಲ್ಲಿದ್ದೇವೆ, ಕೊನೆಯ ಪಾಯಿಂಟ್ ಯಾರು ತೆಗೆದರು, ಹಿಂದಿನ ಪಂದ್ಯ ಯಾರ ಮೇಲೆ ಆಡಿದಿರಿ ಎಂದು ಕೇಳಿ. ಕ್ರೀಡಾ ವೈದ್ಯರು ಕೇಳುವುದೂ ಇಂಥ ಪ್ರಶ್ನೆಗಳನ್ನೇ. ಸರಿಯಾಗಿ ಹೇಳಿದ ಮಾತ್ರಕ್ಕೆ ಒಳಗೆ ಕಳಿಸಬೇಡಿ, ವೈದ್ಯರಿಗೆ ತೋರಿಸಿ. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಕೈಕಾಲು ಸೋಲುವುದು, ಮೂಗಿನಿಂದಲೋ ಕಿವಿಯಿಂದಲೋ ನೀರು ಅಥವಾ ರಕ್ತ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಫೋನ್ ಮಾಡಿ. ಕತ್ತು ನೋವೆಂದರೆ ಅಲುಗಾಡಿಸದೆ ಹಾಗೇ ಮಲಗಿಸಿರಿ.

ಮೊದಲ ಒಂದೆರಡು ದಿನ ವಿಶ್ರಾಂತಿ. ಹಾಗೆಂದು ಕತ್ತಲೆ ಕೋಣೆಯಲ್ಲಿ ಕೂಡಿಹಾಕಬೇಕಿಲ್ಲ. ಮನೆಯೊಳಗೆ ಓಡಾಡಲಿ, ಮೊಬೈಲು ಮಾತ್ರ ದೂರವಿರಲಿ. ಆಮೇಲೆ ಶಾಲೆ, ಅದೂ ಸ್ವಲ್ಪ ಸ್ವಲ್ಪವಾಗಿ: ಅರ್ಧ ದಿನ, ಕಮ್ಮಿ ಬರವಣಿಗೆ, ಪರೀಕ್ಷೆ ಮುಂದಕ್ಕೆ. ಪಾಠ ಪೂರ್ತಿ ಹಿಡಿದ ಮೇಲೆ ಆಟ. ಅಲ್ಲೂ ನಡಿಗೆ, ಓಟ, ಅಭ್ಯಾಸ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಒಂದೊಂದು ಮೆಟ್ಟಿಲಿಗೂ ಒಂದು ದಿನವಾದರೂ ಬೇಕು. ಮೈಗೆ ಮೈ ತಾಗುವ ಆಟಕ್ಕೆ ವೈದ್ಯರು ಹೂಂ ಅನ್ನಲೇಬೇಕು.

ಅಜ್ಜ ಅಜ್ಜಿಯರೇ, ಈ ವಿಷಯದಲ್ಲಿ ನಮ್ಮ ಕೆಲಸ ದೊಡ್ಡದು. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಮಗುವಿನ ಜೊತೆ ಇರುವವರು ನಾವು. ಕೇಳಿದ್ದನ್ನೇ ಮತ್ತೆ ಕೇಳುತ್ತಿದೆಯೇ, ಬೆಳಕಿಗೆ ಕಣ್ಣು ಮುಚ್ಚುತ್ತಿದೆಯೇ, ಇಲ್ಲದ ಸಿಟ್ಟು ಬಂದಿದೆಯೇ ಎಂದು ಗಮನಿಸಬಲ್ಲವರೂ ನಾವೇ. ತಲೆಗೆ ಪೆಟ್ಟು ಬಿದ್ದರೆ ನಿದ್ದೆ ಮಾಡಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ವೈದ್ಯರು ನೋಡಿ ಸರಿ ಎಂದಮೇಲೆ ಮಲಗಲಿ, ಮಿದುಳಿಗೆ ನಿದ್ದೆ ಒಳ್ಳೆಯದೇ. ಇನ್ನೊಂದು ಮಾತು. ನಾವೂ ಬಚ್ಚಲಲ್ಲಿ ಜಾರಿ “ಏನೂ ಆಗಿಲ್ಲ” ಅನ್ನುತ್ತೇವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ತಲೆಯೊಳಗೆ ನಿಧಾನವಾಗಿ ರಕ್ತ ಸೇರಬಹುದು. ಮುಚ್ಚಿಡದೆ ಮನೆಯವರಿಗೆ ಹೇಳಿ.

ನಮ್ಮ ಮೊಮ್ಮಗ ಮೂರು ವಾರಕ್ಕೆ ಸರಿಹೋದ. ಕಿರುಪರೀಕ್ಷೆ ಆಮೇಲೆ ಬರೆಯುವಂತೆ ಅವನ ಟೀಚರ್ ಅನುಕೂಲ ಮಾಡಿಕೊಟ್ಟರು. ಈಗ ಮತ್ತೆ ಅಂಕಣಕ್ಕೆ ಹೋಗುತ್ತಿದ್ದಾನೆ.

ನೇಕಾರರ ಹುಡುಗ ಆ ವರ್ಷವೇ ಆಟ ಬಿಟ್ಟ. ಎಸ್‌ಎಸ್‌ಎಲ್‌ಸಿಯನ್ನು ಎರಡನೇ ಸಲಕ್ಕೆ ದಾಟಿ ಮಗ್ಗಕ್ಕೆ ಕೂತ. ಕೆಲವು ವರ್ಷದ ಹಿಂದೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಸಿಕ್ಕಿದ್ದ. ಹೆಗಲ ಮೇಲೆ ಮಗಳನ್ನು ಕೂರಿಸಿಕೊಂಡು ಬಂದು ನಮಸ್ಕಾರ ಮಾಡಿದ. ನನಗೆ ತಡೆಯಲಾಗಲಿಲ್ಲ. “ಅವತ್ತು ನಿನ್ನನ್ನ ಮತ್ತೆ ಒಳಗೆ ಕಳಿಸಬಾರದಿತ್ತು ಕಣಯ್ಯ. ತಪ್ಪಾಯ್ತು” ಎಂದೆ.

ಅವನು ನಕ್ಕ. “ಅಯ್ಯೋ, ಅದ್ಯಾಕೆ ಬಿಡಿ ಸಾರ್” ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ನಂಗೆ ಆ ಮ್ಯಾಚು ನೆನಪೇ ಇಲ್ಲ. ಅವತ್ತು ನಾವು ಗೆದ್ವಾ ಸಾರ್?”

ಗೆದ್ದಿದ್ದೆವು ಎಂದು ಹೇಳಿದೆ.